ಅಪ್ಪನ ಕ್ಯಾನ್ಸರ್ ನನಗೂ ಬರುತ್ತಾ?

ಪ್ರಶ್ನೆ: ನನಗೆ 27 ವರ್ಷ. ಅಪ್ಪ ಬಹಳ ವರ್ಷಗಳಿಂದ ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುತ್ತಿದ್ದರು. ಈಗ ಬಾಯಿ ಕ್ಯಾನ್ಸರ್, ಕುತ್ತಿಗೆಗೂ ಹರಡಿದೆಯಂತೆ. ಅಜ್ಜಿ ಅವರ ತಟ್ಟೆ, ಲೋಟ ಬೇರೆ ಇಟ್ಟಿದ್ದಾರೆ. ಇದು ಅಂಟುತ್ತಾ? ವಂಶದಲ್ಲಿ ಬರುತ್ತಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ಮೊದಲು ಆ ತಟ್ಟೆ ಲೋಟ ವಾಪಸ್ ಎಲ್ಲರದ್ದರ ಜೊತೆ ಇಡಿ. ಬಾಯಿ ಕ್ಯಾನ್ಸರ್ ಎಂಜಲಿನಿಂದ ಅಂಟುವುದಿಲ್ಲ, ಪಕ್ಕದಲ್ಲಿ ಕೂತು ಉಂಡರೂ ಅಂಟುವುದಿಲ್ಲ. ಕಾಯಿಲೆಗಿಂತ ಆ ಬೇರೆ ತಟ್ಟೆಯೇ ಅಪ್ಪನಿಗೆ ಜಾಸ್ತಿ ನೋವು ಕೊಡುತ್ತಿರಬಹುದು, ಅಲ್ವಾ?

‘ಹರಡಿದೆ’ ಅಂದರೆ ಅವರ ಮೈಯೊಳಗೆ ಮಾತ್ರ. ಗಡ್ಡೆಯಿಂದ ಕಳಚಿದ ಕೆಲವು ಜೀವಕೋಶಗಳು ದುಗ್ಧನಾಳಗಳಲ್ಲಿ (ಮೈಯೊಳಗೆ ತಿಳಿದ್ರವ ಹರಿಯುವ ಸಣ್ಣ ಕೊಳವೆಗಳಲ್ಲಿ) ಸಾಗಿ ಕುತ್ತಿಗೆಯ ಗ್ರಂಥಿಗಳಲ್ಲಿ ಸಿಕ್ಕಿಕೊಂಡು ಅಲ್ಲೇ ಬೆಳೆಯುತ್ತವೆ, ರಕ್ತಕ್ಕೆ ಸೇರಿದರೆ ಶ್ವಾಸಕೋಶದಂತಹ ದೂರದ ಜಾಗಕ್ಕೂ ಹೋಗಬಹುದು.

ಇನ್ನು ವಂಶದ ಮಾತು. ಒಟ್ಟು ಕ್ಯಾನ್ಸರ್‌ಗಳಲ್ಲಿ ನೂರಕ್ಕೆ 5ರಿಂದ 10 ಮಾತ್ರ ಹುಟ್ಟಿನಿಂದ ಬಂದ ಜೀನ್ ದೋಷದಿಂದ ಆಗುವಂಥವು. ಸ್ತನ, ಅಂಡಾಶಯದ ಕ್ಯಾನ್ಸರ್‌ಗೆ ಕಾರಣವಾಗುವ ಬಿಆರ್‌ಸಿಎ ಎಂಬ ಜೀನ್‌ನ ದೋಷ ಇದಕ್ಕೆ ಉದಾಹರಣೆ; ಅಪ್ಪ ಅಥವಾ ಅಮ್ಮನಲ್ಲಿ ಆ ದೋಷವಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ, ಬಂದರೂ ಕ್ಯಾನ್ಸರ್ ಆಗಿಯೇ ತೀರುತ್ತದೆ ಅಂತಲ್ಲ. ನಿಮ್ಮಪ್ಪನದು ಆ ಲೆಕ್ಕದ್ದು ಅನ್ನಿಸುವುದಿಲ್ಲ. ಹೊಗೆಸೊಪ್ಪು ಮಾತ್ರವಲ್ಲ, ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ. ಮನೆಯಲ್ಲಿ ವಂಶವಾಹಿಗಿಂತ ಸುಲಭವಾಗಿ ಮಕ್ಕಳಿಗೆ ದಾಟುವುದು ಈ ಚಟ.

ನೀವೂ ಹಾಕುತ್ತೀರಾ ಅಂತ ಬರೆದಿಲ್ಲ. ಹಾಕುತ್ತಿದ್ದರೆ ಇವತ್ತೇ ಬಿಡಿ. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು, ಬಾಯಿ ಪೂರ್ತಿ ತೆರೆಯಲು ಕಷ್ಟ, ಇದರಲ್ಲಿ ಯಾವುದಿದ್ದರೂ ಸುಮ್ನೆ ಕೂರದೆ ಹಲ್ಲಿನ ಡಾಕ್ಟರಿಗೆ ತೋರಿಸಿ.