ಓದುಗರ ಪ್ರಶ್ನೆಗೆ ಉತ್ತರ: ಮುಂಬಯಿಯ ತೇಗದ ಹಡಗು

ಪ್ರಶ್ನೆ: ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿರುವ ಬ್ರಿಟಿಷ್ ಯುದ್ಧನೌಕೆ ಎಚ್‌ಎಂಎಸ್ ಟ್ರಿಂಕಾಮಲೀ ನಮ್ಮ ಮುಂಬಯಿಯಲ್ಲಿ ಕಟ್ಟಿದ ಹಡಗಂತೆ. ಇನ್ನೂರು ವರ್ಷ ದಾಟಿದರೂ ಅದು ಕೊಳೆಯದೆ ನೀರಲ್ಲೇ ತೇಲುತ್ತಿರುವುದು ಹೇಗೆ?

ಉತ್ತರ: ಮೊದಲ ಕಾರಣ ಮಲಬಾರಿನ ತೇಗ. ಆ ಹೊತ್ತಿಗೆ ಬ್ರಿಟನ್ನಿನಲ್ಲಿ ಓಕ್ ಮರಕ್ಕೆ ಅಭಾವ. ಓಕ್‌ನಲ್ಲಿರುವ ಟ್ಯಾನಿಕ್ ಆಮ್ಲ ಕಬ್ಬಿಣದ ಬೋಲ್ಟುಗಳನ್ನು ತಿನ್ನುತ್ತದೆ. ಬೋಲ್ಟಿನ ತುಕ್ಕು ಸುತ್ತಲ ಮರವನ್ನು ಮೆತ್ತಗೆ ಮಾಡುತ್ತದೆ, ಹಿಡಿತ ಸಡಿಲಾಗುತ್ತದೆ. ತೇಗದ ಎಣ್ಣೆಯಂಶ ಲೋಹಕ್ಕೂ ಒಳ್ಳೆಯದು, ಶಿಲೀಂಧ್ರವನ್ನೂ ದೂರವಿಡುತ್ತದೆ. ಆದರೆ ಮರ ಕೊರೆಯುವ ಸಮುದ್ರಜೀವಿಯಾದ ಹಡಗುಹುಳು ತೇಗವನ್ನೂ ಪೂರ್ತಿ ಬಿಡುವುದಿಲ್ಲ. ಅದಕ್ಕೇ ಆ ಕಾಲದಲ್ಲಿ ನೀರಿನ ಮಟ್ಟದ ಕೆಳಗೆ ತಾಮ್ರದ ತಗಡು ಹೊದಿಸುತ್ತಿದ್ದರು.

ಎರಡನೆಯ ವಿಷಯ ಹಲವರಿಗೆ ಹೊಳೆಯುವುದಿಲ್ಲ. ಮರದ ಹಡಗಿಗೆ ಉಪ್ಪುನೀರಿಗಿಂತ ದೊಡ್ಡ ಶತ್ರು ಮೇಲಿಂದ ಇಳಿಯುವ ಮಳೆನೀರು. ಡೆಕ್ಕಿನ ಹಲಗೆಗಳ ಸಂದಿಗೆ ಟಾರಿನಲ್ಲಿ ಅದ್ದಿದ ನಾರನ್ನು ಉಳಿಯಿಂದ ಬಡಿದು ತುಂಬಿ, ಮೇಲೆ ಬಿಸಿ ರಾಳ ಸುರಿಯುತ್ತಾರೆ. ಬಿಸಿಲಿಗೆ ಮರ ಕುಗ್ಗಿತೋ, ರಾಳ ಬಿರುಕು ಬಿಡುತ್ತದೆ. ಅಲ್ಲಿಂದ ಇಳಿದ ಸಿಹಿನೀರು ಗಾಳಿಯಾಡದ ಮೂಲೆಗಳಲ್ಲಿ ತೊಲೆಗಳ ತುದಿಯನ್ನು ಕೊಳೆಸುತ್ತದೆ. ಟ್ರಿಂಕಾಮಲೀಗೆ ಅದೃಷ್ಟವೂ ಜೊತೆಗಿತ್ತು. 1817ರ ಅಕ್ಟೋಬರ್ 12ರಂದು ನೀರಿಗಿಳಿಯುವಷ್ಟರಲ್ಲಿ ನೆಪೋಲಿಯನ್ ಯುದ್ಧಗಳು ಮುಗಿದಿದ್ದವು. 1819ರಲ್ಲಿ ಪೋರ್ಟ್ಸ್‌ಮತ್ ತಲುಪಿದ ಮೇಲೆ, ಅದನ್ನು 1845ರವರೆಗೆ ಕೆಲಸವಿಲ್ಲದೆ ಕಟ್ಟಿಹಾಕಿದ್ದರು. ಗುಂಡೇಟು ತಿನ್ನದ ಆ ಕಾಲು ಶತಮಾನ ಹಡಗಿನ ಆಯುಸ್ಸನ್ನು ಉಳಿಸಿತು ಎಂದೇ ಹೇಳಬೇಕು.

ಹಡಗನ್ನು ಕಟ್ಟಿದವರು ಪಾರ್ಸಿ ಹಡಗುಶಿಲ್ಪಿ ಜಮ್ಷೆಡ್‌ಜೀ ಬೊಮನ್‌ಜೀ ವಾಡಿಯಾ. 1816ರಲ್ಲಿ ಅಡಿಮರ (ಹಡಗಿನ ಬುಡದ ಉದ್ದ ತೊಲೆ) ಇಟ್ಟಾಗ ಅದಕ್ಕೆ ಕೆತ್ತನೆಯಿದ್ದ ಬೆಳ್ಳಿಯ ಮೊಳೆಯೊಂದನ್ನು ಹೊಡೆದರು. ಹಡಗಿಗೆ ಒಳಿತಾಗಲೆಂಬ ಪಾರ್ಸಿ ಸಂಪ್ರದಾಯವದು.

ಪ್ರಶ್ನೆ: ಹಾಗಾದರೆ ಅದು ಸಮುದ್ರಯಾನ ಮಾಡಲೇ ಇಲ್ಲವೇ?

ಉತ್ತರ: ಮಾಡಿತು, ಎರಡು ದೀರ್ಘ ಅವಧಿ. ಹಿಂಬದಿಯ ಆಕಾರ ಬದಲಿಸಿ, ತೋಪುಗಳ ಸಂಖ್ಯೆ ಇಳಿಸಿ, ಪ್ರತಿಯಾಗಿ ಹೆಚ್ಚು ಬಲದ ತೋಪುಗಳನ್ನು ಕೂರಿಸಿ 1847ರಲ್ಲಿ ಉತ್ತರ ಅಮೆರಿಕ ಮತ್ತು ವೆಸ್ಟ್ ಇಂಡೀಸ್ ಕಡೆಗೆ ಕಳಿಸಿದರು. 1852ರಿಂದ 1857ರವರೆಗೆ ಕ್ಯಾಪ್ಟನ್ ವಾಲೇಸ್ ಹೂಸ್ಟನ್ ಕೈಕೆಳಗೆ ಪೆಸಿಫಿಕ್ ಸಾಗರದಲ್ಲಿತ್ತು. ನಡುವೆ ಕ್ರಿಮಿಯನ್ ಯುದ್ಧವೂ ಬಂತು. ಕೆನಡಾದ ವ್ಯಾಂಕೂವರ್ ದ್ವೀಪದ ಬಳಿಯ ಟ್ರಿಂಕಾಮಲಿ ಜಲಸಂಧಿಗೆ ಹೆಸರು ಬಂದದ್ದು ಈ ಹಡಗಿನಿಂದಲೇ.

ಪ್ರಶ್ನೆ: ಹಳೆಯ ಚಿತ್ರಗಳಲ್ಲಿ ಇದೇ ಹಡಗಿಗೆ ಫೂಡ್ರಾಯಂಟ್ ಎಂದಿದೆ. ತಪ್ಪೇ?

ಉತ್ತರ: ತಪ್ಪಲ್ಲ. 1897ರಲ್ಲಿ ಒಡೆಯಲೆಂದು ಮಾರಿದ್ದ ಇದನ್ನು ವೀಟ್ಲಿ ಕಾಬ್ ಎಂಬವರು ಕೊಂಡರು. ಅದೇ ವರ್ಷ ಬ್ಲ್ಯಾಕ್‌ಪೂಲ್ ಬಳಿ ಬಿರುಗಾಳಿಗೆ ಸಿಕ್ಕಿ ನಾಶವಾದ ತಮ್ಮ ಹಿಂದಿನ ಹಡಗಿನ ಹೆಸರನ್ನೇ ಇಟ್ಟು, ಹುಡುಗರ ತರಬೇತಿಗೆ ಬಳಸಿದರು. 1987ರಲ್ಲಿ ಹಾರ್ಟಲ್‌ಪೂಲ್‌ಗೆ ತಂದು ದುರಸ್ತಿ ಮಾಡುವಾಗ, 1992ರಲ್ಲಿ ಮೂಲ ಹೆಸರು ಮರಳಿತು. ದುರಸ್ತಿ ಮುಗಿದದ್ದು 2001ರಲ್ಲಿ. ಒಡಲಿನ ಅರ್ಧಕ್ಕಿಂತ ಹೆಚ್ಚು ಮರ ಇಂದಿಗೂ ವಾಡಿಯಾ ಜೋಡಿಸಿದ ಅದೇ ತೇಗ.