ಸರ್ವರ್ ಕೇಳಲು ಬಂದವರು

ಗಂಡ ಹೆಂಡತಿ, ತೀರ್ಥಹಳ್ಳಿ ಕಡೆಯವರು. ಹೆಸರು ಬರೆಯುವುದಿಲ್ಲ, ಒಂದೆರಡು ಗುರುತುಗಳನ್ನೂ ಬದಲಿಸಿದ್ದೇನೆ. ನಾಲ್ಕು ಕೋಣೆಯ ಹೋಂಸ್ಟೇ ಇದೆ, ಜೊತೆಗೆ ಅಪ್ಪೆಮಿಡಿ ಉಪ್ಪಿನಕಾಯಿ ಮಾರುತ್ತಾರೆ. ಶಿವಮೊಗ್ಗದಲ್ಲಿ ಸಣ್ಣ ವ್ಯಾಪಾರ ಮಾಡುವವರಿಗೆ ಸಲಹೆ ಕೊಡಲು ನಾನು ಕೂರುವ ಕೋಣೆಗೆ ಮೇ ತಿಂಗಳಲ್ಲಿ ಬಂದರು. ದಾರಿಯುದ್ದಕ್ಕೂ ಜಗಳ ಆಡಿಕೊಂಡೇ ಬಂದಿದ್ದಾರೆ ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಗಂಡ ಒಂದು ಕೊಟೇಶನ್ ಮೇಜಿನ ಮೇಲಿಟ್ಟರು. ವಿಪಿಎಸ್ ಸರ್ವರ್, ಅಂದರೆ ವೆಬ್‌ಸೈಟ್ ಇಡುವ ದೊಡ್ಡ ಕಂಪ್ಯೂಟರಿನಲ್ಲಿ ನಮಗೇ ಅಂತ ಬೇರೆ ಮಾಡಿಟ್ಟ ಒಂದು ಪಾಲು, ವರ್ಷಕ್ಕೆ 38 ಸಾವಿರ. ಹೆಂಡತಿ ಅದರ ಕಡೆ ನೋಡಲೂ ಇಲ್ಲ. "ವೆಬ್‌ಸೈಟೇ ಬೇಡ ಮೇಡಂ. ವಾಟ್ಸಾಪ್ ಇದೆಯಲ್ಲ, ಸಾಕು" ಅಂದರು.

ಆಗಿದ್ದಿಷ್ಟು. ಯಾರೋ ಅತಿಥಿ ಇವರ ಮನೆಯ ವಿಡಿಯೋ ಹಾಕಿದ್ದರು. ಒಂದೇ ಸಂಜೆ ಸಾವಿರಾರು ಜನ ಸೈಟಿಗೆ ನುಗ್ಗಿದರು. ಅವರಿಗೆ ಕಂಡಿದ್ದು ಬಿಳಿ ಪರದೆ, ಅದರ ಮೇಲೆ 508, ರಿಸೋರ್ಸ್ ಲಿಮಿಟ್ ಮುಗಿದಿದೆ ಅನ್ನುವ ಸಾಲು. ಗಂಡನಿಗೆ ಅದು ಅವಮಾನ. ಊಟಕ್ಕೆ ಕರೆದು ಬಾಗಿಲು ಹಾಕಿದ ಹಾಗಾಯ್ತು ಅಂದರು.

ಮಾಮೂಲಿ ದಿನ ಎಷ್ಟು ಜನ ಬರ್ತಾರೆ ಅಂತ ಕೇಳಿದೆ. 40, ಹೆಚ್ಚೆಂದರೆ 50. ಬುಕಿಂಗ್ ಬಹುತೇಕ ಫೋನಿನಲ್ಲೇ, ಹಣ ಯುಪಿಐಯಲ್ಲಿ. ನನ್ನ ಮೊಬೈಲಿನಲ್ಲೇ ಸೈಟ್ ತೆರೆದೆ. ತೆರೆದೆ ಅನ್ನುವುದಕ್ಕಿಂತ ಕಾದೆ ಅನ್ನಬೇಕು. ಮುಖಪುಟದಲ್ಲಿ 22 ಫೋಟೋ. ಹಂಚಿನ ಮಾಡು, ಕಡುಬು, ಹೊಳೆ, ಮತ್ತೆ ಹೊಳೆ. ಒಂದೊಂದೂ ಮೊಬೈಲಿನಿಂದ ಹಾಗೇ ಏರಿಸಿದ್ದು, 5 ಎಂಬಿ ಮೇಲೆ. ಅಂದರೆ ಪುಟವೊಂದಕ್ಕೇ 100 ಎಂಬಿ ದಾಟಿತು! ಆಗುಂಬೆ ಘಾಟಿಯಲ್ಲಿ ಒಂದು ಕಡ್ಡಿ ಸಿಗ್ನಲ್ ಇಟ್ಟುಕೊಂಡು ನೋಡುವವರ ಗತಿ ಏನು? ಸರ್ವರ್ ಎಷ್ಟು ದೊಡ್ಡದಾದರೂ ಈ ಭಾರ ಕಮ್ಮಿಯಾಗುವುದಿಲ್ಲ. ಮೇಲಿಂದ ಸೈಟ್ ಕಟ್ಟಿದ್ದ ವರ್ಡ್‌ಪ್ರೆಸ್ ತಂತ್ರಾಂಶಕ್ಕೆ ಅಂಟಿಸಿದ 27 ಪ್ಲಗಿನ್, ಅಂದರೆ ಹೆಚ್ಚುವರಿ ಸೌಲಭ್ಯದ ತುಣುಕುಗಳು. ಕ್ಯಾಶ್ (cache, ದುಡ್ಡಲ್ಲ) ಇಲ್ಲ. ಹಾಗಾಗಿ ಬಂದ ಪ್ರತಿಯೊಬ್ಬರಿಗೂ ಸರ್ವರ್ ಪುಟವನ್ನು ಹೊಸದಾಗಿ ಕಟ್ಟಿ ಕೊಡಬೇಕು. ಒಮ್ಮೆ ಕಟ್ಟಿದ್ದನ್ನು ಎತ್ತಿಟ್ಟು ಎಲ್ಲರಿಗೂ ಅದನ್ನೇ ಕೊಡುವ ಈ ಕ್ಯಾಶ್ ಏರ್ಪಾಡು ಇದ್ದಿದ್ದರೆ ಆ ಸಂಜೆ ಬಹುಶಃ ದಾಟಿಬಿಡುತ್ತಿತ್ತು.

"ಅಡಿಕೆ ಸುಲಿಯೋ ಮೆಷಿನ್ ನಿಮ್ಮದೇ ಇದೆಯಾ?" ಅಂತ ಗಂಡನನ್ನು ಕೇಳಿದೆ.

"ಇಲ್ಲ. ಒಂದೂವರೆ ಎಕರೆ ತೋಟಕ್ಕೆ ಎಂತಕ್ಕೆ? ಬಾಡಿಗೆಗೆ ತರ್ಸ್ತೀವಿ."

"ಕೆಟ್ಟರೆ?"

"ಅದು ಮೆಷಿನ್‌ನವನ ತಲೆನೋವು."

ಶೇರ್ಡ್ ಹೋಸ್ಟಿಂಗ್ ಅಂದರೆ ಅದೇ ಅಂದೆ. ಒಂದೇ ಸರ್ವರ್ ಹತ್ತಾರು ಜನರ ಸೈಟಿಗೆ, ರಿಪೇರಿ ಕಂಪನಿಯದು. ವಿಪಿಎಸ್‌ನಲ್ಲಿ ನಿಮ್ಮ ಪಾಲಿನ ಮೆಮೊರಿ ನಿಮಗೇ ಮೀಸಲು, ಸರಿ. ಆದರೆ ಈ ಕೊಟೇಶನ್‌ನಲ್ಲಿ 'ಮ್ಯಾನೇಜ್ಡ್', ಅಂದರೆ ಕಂಪನಿಯೇ ನೋಡಿಕೊಳ್ಳುತ್ತದೆ, ಅನ್ನುವ ಮಾತೇ ಇಲ್ಲ. ಅಪ್‌ಡೇಟ್, ಭದ್ರತೆ, ಬ್ಯಾಕಪ್ ಎಲ್ಲ ನಿಮ್ಮ ತಲೆ ಮೇಲೆ. ರಾತ್ರಿ ಎರಡಕ್ಕೆ ಅದು ನಿಂತರೆ ಎಬ್ಬಿಸುವವರು ಯಾರು? ಇಡೀ ಸರ್ವರನ್ನೇ ಬಾಡಿಗೆಗೆ ಹಿಡಿಯುವ ಡೆಡಿಕೇಟೆಡ್ ಮಾತಂತೂ ನಾಲ್ಕು ಕೋಣೆಯವರಿಗೆ ಬೇಡವೇ ಬೇಡ.

ಹಾಗಾಗಿ ಹೇಳಿದ್ದು: ಫೋಟೋಗಳನ್ನು 200 ಕೆಬಿಗೆ ಇಳಿಸಿ, ಬೇಡದ ಪ್ಲಗಿನ್ ಕಿತ್ತುಹಾಕಿ, ಕ್ಯಾಶ್ ಹಾಕಿಸಿ. ಮುಂಬೈಯಲ್ಲೋ ದೇಶದೊಳಗೆ ಬೇರೆಲ್ಲೋ ಸರ್ವರ್ ಇರುವ, ದಿನಾ ಬ್ಯಾಕಪ್ ತೆಗೆಯುವ ಶೇರ್ಡ್ ಪ್ಲಾನ್ ಸಾಕು. ಮೊದಲ ವರ್ಷದ ಬೆಲೆ ನೋಡಿ ಮರುಳಾಗಬೇಡಿ, ರಿನ್ಯೂವಲ್ ಬೆಲೆ ಎರಡು ಮೂರು ಪಟ್ಟು ಇರುವುದುಂಟು. 'ಅನ್‌ಲಿಮಿಟೆಡ್' ಅಂತ ಬರೆದಿದ್ದರೂ ಸಿಪಿಯುಗೆ, ಮೆಮೊರಿಗೆ, ಫೈಲುಗಳ ಲೆಕ್ಕಕ್ಕೆ ಮಿತಿ ಇದ್ದೇ ಇರುತ್ತದೆ. ಸೈಟಿಗೂ ನೋಡುವವರಿಗೂ ನಡುವಿನ ಮಾಹಿತಿಯನ್ನು ಗುಟ್ಟಾಗಿಡುವ ಎಸ್ಎಸ್ಎಲ್‌ಗೆ ಬೇರೆ ದುಡ್ಡು ಕೇಳಿದರೆ ಕೊಡಬೇಡಿ, ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆಯಿಂದ ಪುಕ್ಕಟೆ ಸಿಗುತ್ತದೆ. ಶೇ. 99.9 ಅಪ್‌ಟೈಮ್ ಅಂದರೂ ವರ್ಷಕ್ಕೆ ಸುಮಾರು 8 ಮುಕ್ಕಾಲು ಗಂಟೆ ಸೈಟ್ ಬಿದ್ದಿರಬಹುದು.

"ನಮ್ಮಲ್ಲಿ ಒಂದು ಮಳೆಗೆ ಕರೆಂಟ್ ಅದಕ್ಕಿಂತ ಜಾಸ್ತಿ ಹೊತ್ತು ಹೋಗತ್ತೆ" ಅಂತ ಹೆಂಡತಿ ನಕ್ಕರು. ಅವತ್ತು ಅವರು ನಕ್ಕಿದ್ದು ಅದೇ ಮೊದಲು.

ಇಷ್ಟಾದರೂ ಗಂಡ ಒಪ್ಪಲಿಲ್ಲ. ಹೊಸ ಸರ್ವರ್, ಹೊಸ ಹೆಸರು, ಎಲ್ಲ ಮೊದಲಿನಿಂದ ಆಗಲಿ ಅಂತ ಒಂದೇ ಹಟ. ಮೊದಲೇ ಕೇಳಬೇಕಿದ್ದ ಪ್ರಶ್ನೆಯನ್ನು ಆಗ ಕೇಳಿದೆ. ಮುಕ್ಕಾಲು ಗಂಟೆ ವ್ಯರ್ಥವಾಗಿತ್ತು, ತಪ್ಪು ನನ್ನದೇ.

"ಡೊಮೇನ್, ಅಂದರೆ ಸೈಟಿನ ವಿಳಾಸ, ಯಾರ ಹೆಸರಲ್ಲಿದೆ?"

ಇಬ್ಬರೂ ಸುಮ್ಮನಾದರು. ಕೊನೆಗೆ ಹೆಂಡತಿ ಬಾಯಿಬಿಟ್ಟರು. ಗಂಡನ ಅಕ್ಕನ ಮಗ ಕಾಲೇಜಿನಲ್ಲಿದ್ದಾಗ ಸೈಟ್ ಮಾಡಿಕೊಟ್ಟಿದ್ದ. ಡೊಮೇನ್, ಹೋಸ್ಟಿಂಗ್ ಎರಡೂ ಅವನ ಇಮೇಲಿನಲ್ಲಿ. ಈಗ ಅವನು ಬೆಂಗಳೂರಿನಲ್ಲಿದ್ದಾನೆ. ಅಕ್ಕ ತೋಟದಲ್ಲಿ ಪಾಲು ಕೇಳಿದ ಮೇಲೆ ಎರಡೂ ಮನೆಗೆ ಮಾತಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಸಮಪಾಲು ಇದೆ ಅಂತ ಗೊತ್ತಿದ್ದೂ ಇಂಥ ಜಗಳ ಎಷ್ಟು ಮನೆಯಲ್ಲಿ ನೋಡಿಲ್ಲ! 38 ಸಾವಿರ ಕೊಡುತ್ತಿದ್ದದ್ದು ಸರ್ವರಿಗಲ್ಲ, ಆ ಒಂದು ಫೋನ್ ತಪ್ಪಿಸಿಕೊಳ್ಳಲು.

ಆದರೆ ಹಳೆಯ ಹೆಸರು ರಸ್ತೆ ಬದಿಯ ಬೋರ್ಡಿನಲ್ಲಿದೆ, ಪ್ರತಿ ಜಾಡಿಯ ಲೇಬಲ್‌ನಲ್ಲಿದೆ. ಹುಡುಕಿ ನೋಡಿದರೆ ಡೊಮೇನ್ ಅವಧಿ ಮುಗಿಯಲು ಐದೇ ವಾರ. ಅವನು ಡೊಮೇನ್ ತೆಗೆದುಕೊಂಡ ಕಂಪನಿಯಲ್ಲೇ ನೀವೂ ಅಕೌಂಟ್ ತೆರೆದರೆ ಅವನು ಅಲ್ಲಿಂದಲ್ಲಿಗೇ ದಾಟಿಸಬಹುದು, ಅಷ್ಟೇನೂ ಕಷ್ಟವಿಲ್ಲ ಅಂದೆ. ಪಾಲಿನ ವಿಷಯ ಇದರಲ್ಲಿ ತರಬೇಡಿ, ಕೆಲಸದ ಮಾತು ಮಾತ್ರ ಬರೆಯಿರಿ, ಇಲ್ಲೇ ಬರೆಯಿರಿ ಅಂದೆ.

ಗಂಡ ಬರೆದರು, ಅಳಿಸಿದರು. ಎರಡನೇ ಸಲ "ನಿನ್ನ ಅಮ್ಮ" ಅಂತ ಶುರು ಮಾಡಿದಾಗ ಹೆಂಡತಿ ಫೋನಿನ ಮೇಲೆ ಕೈ ಇಟ್ಟರು. ಕೊನೆಗೆ ಹೋಗಿದ್ದು ಇಷ್ಟು: "ಅಪ್ಪಿ, ಸೈಟಿನ ಡೊಮೇನ್ ನನ್ನ ಅಕೌಂಟಿಗೆ ಹಾಕಿಕೊಡು. ನಿನಗೆ ಖರ್ಚಾಗಿದ್ದು ಎಷ್ಟು ಹೇಳು. ಮಾವ."

ಮೂರು ವಾರದ ಮೇಲೆ ಹೆಂಡತಿ ಫೋನ್ ಮಾಡಿದ್ದರು. ಡೊಮೇನ್ ಇವರ ಹೆಸರಿಗೆ ಬಂದಿದೆ, ಶೇರ್ಡ್ ಪ್ಲಾನ್ ತಗೊಂಡಿದ್ದಾರೆ, ಫೋಟೋ 8ಕ್ಕೆ ಇಳಿದಿದೆ. ಹುಡುಗ ದುಡ್ಡು ಕೇಳಲಿಲ್ಲವಂತೆ. ಈ ವರ್ಷ ಮಿಡಿ ಹಾಕಿದ್ರಾ ಅಂತ ಕೇಳಿದನಂತೆ. ರಾತ್ರಿ ಬಸ್ಸಿಗೆ ಎರಡು ಜಾಡಿ ಕಳಿಸಿದ್ದಾರೆ. ಅಕ್ಕನ ಮನೆಗೆ ಇನ್ನೂ ಮಾತಿಲ್ಲ.