ಹೂಂಗುಟ್ಟಿದಷ್ಟೂ ಬೆಳೆಯುವ ಮಾತು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಯಸ್ಸು, ಊರು, ಉದ್ಯೋಗದ ವಿವರಗಳನ್ನು ಬದಲಿಸಲಾಗಿದೆ.)

ತೀರ್ಥಹಳ್ಳಿ ಸೀಮೆಯ ಅಡಿಕೆ ತೋಟದ ಮನೆ. ಮಾವನಿಗೆ ಎಪ್ಪತ್ತರ ಆಸುಪಾಸು, ಅತ್ತೆ ತೀರಿಕೊಂಡು ಎರಡು ವರ್ಷ. ಮಗನಿಗೆ ಶಿವಮೊಗ್ಗದಲ್ಲಿ ಕೆಲಸ. ಬೆಳಿಗ್ಗೆ ಹೋದವರು ರಾತ್ರಿ ಎಂಟಕ್ಕೆ ಮನೆ ಸೇರುತ್ತಾರೆ. ಸೊಸೆ ಮನೆಯಿಂದಲೇ ಕಂಪನಿ ಕೆಲಸ ಮಾಡುತ್ತಾರೆ. ಮೊದಲ ಭೇಟಿಗೆ ಬಂದದ್ದು ಸೊಸೆ ಒಬ್ಬರೇ. "ಮಾವ ಮಾತಿಗೆ ಕೂತರೆ ಏಳಲ್ಲ. ಮಳೆ ವಿಷ್ಯ ಹೇಳೋಕೆ ಬಂದವರು ಯಾರದೋ ಮದುವೆ ದಿಬ್ಬಣಕ್ಕೆ ಹೋಗಿ ಮುಟ್ತಾರೆ. ನಾನು ಮೀಟಿಂಗಲ್ಲಿದ್ರೂ ಬಾಗಿಲಲ್ಲಿ ಬಂದು ನಿಲ್ತಾರೆ. ಕೇಳಿಸ್ಕೊಳ್ದೆ ಇದ್ರೆ ಆವತ್ತು ಊಟಕ್ಕೆ ಕೂರಲ್ಲ" ಎಂಬುದು ಅವರ ದೂರು. ಮಗನಿಗೆ ಬೇರೆಯೇ ಭಯ: ಅಪ್ಪನಿಗೆ ಅರಳುಮರಳು ಶುರುವಾಯಿತೇ ಎಂದು.

ಮಗನ ಭಯವನ್ನೇ ಮೊದಲು ಕೈಗೆತ್ತಿಕೊಂಡೆವು. ಒಂದರಿಂದ ಇನ್ನೊಂದಕ್ಕೆ ಹಾರುವ ಮಾತೆಲ್ಲ ಕಾಯಿಲೆಯಲ್ಲ, ಆದರೆ ಕೆಲವು ಕಾಯಿಲೆಗಳು ಮೊದಲು ಮಾತಿನಲ್ಲೇ ಕಾಣಿಸಿಕೊಳ್ಳುತ್ತವೆ. ಮೇನಿಯಾ, ಅಂದರೆ ಉತ್ಸಾಹ ಹತೋಟಿ ಮೀರುವ ಮಾನಸಿಕ ಕಾಯಿಲೆ, ಇದ್ದವರ ಮಾತು ಓಡುತ್ತಿರುತ್ತದೆ, ನಡುವೆ ಬಾಯಿ ಹಾಕಲು ಆಗುವುದಿಲ್ಲ. ಎರಡು ಮೂರು ತಾಸು ಮಲಗಿದರೂ ಅವರಿಗೆ ದಣಿವೆನಿಸದು, ಕೈಯಲ್ಲಿ ದುಡ್ಡು ನಿಲ್ಲದು. ಮರೆವಿನ ಕಾಯಿಲೆಯಲ್ಲಿ ಈಗಷ್ಟೇ ಹೇಳಿದ್ದನ್ನು ಅರ್ಧ ತಾಸಿನೊಳಗೆ ಹೊಸ ಸುದ್ದಿಯೆಂಬಂತೆ ಹೇಳುತ್ತಾರೆ, ದಿನಬಳಕೆಯ ವಸ್ತುವಿನ ಹೆಸರೂ ಸಿಗದೆ "ಅದು, ಅದೇ" ಎಂದು ತಡಕಾಡುತ್ತಾರೆ. ಸುತ್ತಿ ಬಳಸಿ ಮಾತಾಡುವ ಆರೋಗ್ಯವಂತರು ಹಾಗಲ್ಲ. ಎಷ್ಟೇ ದೂರ ಹೋಗಿರಲಿ, "ಅಲ್ಲ ಮಾವ, ನೀವು ಮಳೆ ವಿಷ್ಯ ಹೇಳ್ತಿದ್ರಿ" ಎಂದರೆ ಹೊರಟಲ್ಲಿಗೇ ವಾಪಸು ಬರುತ್ತಾರೆ.

ಎರಡನೇ ಭೇಟಿಗೆ ಬಂದ ಮಾವ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿಯ ಲೆಕ್ಕ ತಡವರಿಸದೆ ಹೇಳಿದರು: 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕೇ ಹೊರತು ಸುಣ್ಣವನ್ನು ತುತ್ತಕ್ಕಲ್ಲ. ಆದರೆ ಜೀವಮಾನವಿಡೀ ಮಾಡಿದ ಕಸುಬಿನ ನೆನಪು ಮರೆವಿನ ಕಾಯಿಲೆಯಲ್ಲೂ ಬಹಳ ಕಾಲ ಉಳಿಯುತ್ತದೆ, ಅದೊಂದನ್ನೇ ನಂಬಬಾರದು. ಹಾಗಾಗಿ ನಿನ್ನೆ ಮಧ್ಯಾಹ್ನ ಉಂಡದ್ದು, ಹೋದ ವಾರ ಬಂದುಹೋದ ನೆಂಟರು, ಅಡಿಕೆ ಬೆಳೆಗಾರರ ಮಾರಾಟ ಸಹಕಾರ ಸಂಘವಾದ ಮಾಮ್‌ಕೋಸ್‌ಗೆ ಹಾಕಿದ ಅಡಿಕೆಯ ತೂಕ ಮತ್ತು ಕೈಗೆ ಬಂದ ಹಣ ಕೇಳಿ, ಮಗನ ಹತ್ತಿರ ತಾಳೆ ನೋಡಿದೆವು. ಎಲ್ಲ ಸರಿಯಿತ್ತು. ರಾತ್ರಿ ಹತ್ತರಿಂದ ಐದರವರೆಗೆ ನಿದ್ದೆಯೂ ಇತ್ತು.

ತೊಂದರೆ ಸಿಕ್ಕಿದ್ದು ಕಿವಿಯಲ್ಲಿ. ಟಿವಿ ಸದ್ದು ಅಂಗಳದವರೆಗೆ ಕೇಳುತ್ತದೆ ಎಂದು ಸೊಸೆ ಮಾತಿನ ನಡುವೆ ಹೇಳಿದ್ದರು. ಕಿವಿ ಡಾಕ್ಟರ ಬಳಿ ಕಳಿಸಿದಾಗ ಎಡಗಿವಿಯಲ್ಲಿ ಗುಗ್ಗೆ ಕಟ್ಟಿದ್ದು ಗೊತ್ತಾಯಿತು. ತೆಗೆಸಿದ ಮೇಲೂ ಎರಡೂ ಕಿವಿ ಸ್ವಲ್ಪ ಮಂದವೇ. ಕಿವಿ ಮಂದವಾದವರಲ್ಲಿ ಕೆಲವರು ಮೌನಕ್ಕೆ ಜಾರುತ್ತಾರೆ, ಕೆಲವರು ಮಾತು ಬಿಟ್ಟುಕೊಡುವುದಿಲ್ಲ, ಏಕೆಂದರೆ ತಾವೇ ಮಾತಾಡುತ್ತಿದ್ದರೆ ಕೇಳಿಸಿಕೊಳ್ಳುವ ಕಷ್ಟವಿಲ್ಲ. ಹತ್ತು ಭಾಷೆಗಳ ಮಾತುಕತೆಯನ್ನು ಅಳೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ರಶ್ನೆ ಮುಗಿದು ಉತ್ತರ ಶುರುವಾಗುವ ನಡುವಿನ ಬಿಡುವು ಸರಾಸರಿ ಸೆಕೆಂಡಿನ ಐದನೇ ಒಂದು ಭಾಗದಷ್ಟಿತ್ತು. ಅಷ್ಟು ಸಣ್ಣ ಸಂದಿಯಲ್ಲಿ ಸೊಸೆ ಮೆಲ್ಲಗೆ ಬಾಯಿ ತೆರೆದರೆ ಮಾವನಿಗೆ ಅದು ಗೊತ್ತೇ ಆಗುತ್ತಿರಲಿಲ್ಲ.

ಆಮೇಲೆ, ಮಾವನ ಒಪ್ಪಿಗೆ ಪಡೆದು ಒಂದು ಮಧ್ಯಾಹ್ನದ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ತರಲು ಹೇಳಿದೆವು. ಅದರ ಒಂದು ತುಣುಕು:

"ಕರೆಂಟು ಹೋಯ್ತಲ್ಲ, ಎಲ್ಲೋ ಮರ ಬಿದ್ದಿರ್ಬೇಕು."

"ಹ್ಞೂಂ."

"ಆ ತಿರುವಿನ ಹಲಸಿನ ಮರ ವಾಲಿತ್ತು. ಅದು ಬಕ್ಕೆ ಹಲಸು ಮಾರಾಯ್ತಿ, ಹಪ್ಪಳಕ್ಕೆ ಅದ್ರದ್ದೇ ಕಾಯಿ ಆಗ್ಬೇಕು."

"ಹ್ಞೂಂ."

"ನಿಮ್ಮತ್ತೆ ಮಾಡಿ ಅಟ್ಟಕ್ಕೆ ಹಾಕಿದ್ಲು ಒಂದ್ ಡಬ್ಬಿ. ಇಲಿ ಮುಚ್ಚಳನೇ ಕಡಿದು ಹಾಕಿತ್ತು ನೋಡು."

"ಹ್ಞೂಂ ಮಾವ."

"ಇಲಿ ಇದ್ದಲ್ಲಿಗೆ ಕೇರೆ ಹಾವು ಬರದೆ ಇರ್ತದಾ? ಆವತ್ತು..."

ಕರೆಂಟಿನಿಂದ ಮರ, ಮರದಿಂದ ಹಪ್ಪಳ, ಹಪ್ಪಳದಿಂದ ಇಲಿ, ಇಲಿಯಿಂದ ಹಾವು. ಎಲ್ಲೂ ಕೊಂಡಿ ಕಳಚಿಲ್ಲ. ಇಲ್ಲಿ ಮುಖ್ಯವಾದದ್ದು ಸೊಸೆಯ "ಹ್ಞೂಂ". ಮಾತು ಮುಗಿಯಲಿ ಎಂದು ಅವರು ಹೂಂಗುಟ್ಟುತ್ತಿದ್ದರು, ಕೇಳುವವರಿಗೆ ಅದು "ಆಮೇಲೆ?" ಎಂದೇ ಕೇಳಿಸುತ್ತದೆ. ಹಳ್ಳಿಯಲ್ಲಿ ಕಥೆ ಹೇಳುವವರು ಹೂಂಗುಟ್ಟುವವರಿಲ್ಲದೆ ಮುಂದೆ ಹೋಗುವುದಿಲ್ಲ. ಸಾಕು ಅನ್ನಿಸಿದಷ್ಟೂ ಹೂಂಗುಟ್ಟಿ, ಹೂಂಗುಟ್ಟಿದಷ್ಟೂ ಮಾತು ಬೆಳೆದು, ಇಬ್ಬರೂ ಸೋತಿದ್ದರು.

ಇದಕ್ಕೆ ಇನ್ನೊಂದು ಬೇರೂ ಇತ್ತು. ಈ ಮಾವ ಮಾತು ಕಲಿತದ್ದು ಅಡಿಕೆ ಸುಲಿಯುವ ಜಾಗದಲ್ಲಿ. ಕೊಯ್ಲಿನ ಕಾಲದಲ್ಲಿ ಸಂಜೆಯಾದರೆ ಅಕ್ಕಪಕ್ಕದ ಏಳೆಂಟು ಜನ ಮೆಟ್ಟುಗತ್ತಿ ಇಟ್ಟುಕೊಂಡು ಕೂರುತ್ತಿದ್ದರು, ರಾತ್ರಿ ಹೊತ್ತಾಗುವವರೆಗೆ ಸುಲಿತ. ಕೈಗೆ ಕೆಲಸ, ಕಣ್ಣು ಕತ್ತಿಯ ಮೇಲೆ, ಬಾಯಿಗೆ ಬಿಡುವು. ಒಬ್ಬರು ಹಲಸು ಎಂದರೆ ಇನ್ನೊಬ್ಬರು ಹಪ್ಪಳ ಎನ್ನುತ್ತಿದ್ದರು, ಮೂರನೆಯವರು ಇಲಿ ತರುತ್ತಿದ್ದರು. ಸುಲಿಯುವ ಯಂತ್ರ ಬಂದ ಮೇಲೆ ಆ ಕೂಟ ಹೋಯಿತು, ಯಂತ್ರದ ಸದ್ದಿನಲ್ಲಿ ಮಾತೂ ಕೇಳದು. ಅತ್ತೆ ಇರುವವರೆಗೆ ಅಡುಗೆಮನೆಯಲ್ಲಿ ಇಬ್ಬರಾದರೂ ಇದ್ದರು. ಈಗ ಏಳೆಂಟು ಜನ ಹಂಚಿಕೊಳ್ಳುತ್ತಿದ್ದ ಕೊಂಡಿಗಳನ್ನೆಲ್ಲ ಅವರೊಬ್ಬರೇ ಹಾಕುತ್ತಿದ್ದಾರೆ. ಕಡಿಮೆಯಾಗಬೇಕಾದ್ದು ಮಾತಲ್ಲ, ಹೆಚ್ಚಬೇಕಾದ್ದು ಪಾಲುದಾರರು ಎಂದು ಮೂವರನ್ನೂ ಕೂರಿಸಿ ಹೇಳಿದೆವು. ಸಲಹೆಗಳೆಲ್ಲ ಇದರ ಮೇಲೆ ನಿಂತವು.

ಸೊಸೆಗೆ: ಹೂಂಗುಟ್ಟುವುದರ ಬದಲು ಅವರ ವಾಕ್ಯದ ಕೊನೆಯ ವಸ್ತುವನ್ನು ಹಿಡಿದು ನಿಮ್ಮದೊಂದು ಮಾತು ಸೇರಿಸಿ. "ಬಕ್ಕೆ ಹಪ್ಪಳವಾ? ನಮ್ಮ ತವರಲ್ಲಿ ಜೀರಿಗೆ ಜಾಸ್ತಿ ಹಾಕ್ತಾರೆ ಮಾವ." ಆಗ ಮಾತಿನ ದಿಕ್ಕು ನಿಮ್ಮ ಕೈಗೂ ಬರುತ್ತದೆ. ಹತ್ತಿರ ಕೂತು, ಮುಖ ಕಾಣುವಂತೆ ಹೇಳಿ. ಕೂಗಬೇಡಿ, ಕೂಗಿದರೆ ಬೈದಂತೆ ಕೇಳಿಸುತ್ತದೆ, ಪದವೂ ಸ್ಪಷ್ಟವಾಗದು.

ಮುಗಿಸುವುದಕ್ಕೂ ಒಂದು ಕ್ರಮವಿದೆ. ಮಲೆನಾಡಿನಲ್ಲಿ ನೆಂಟರು ಹೊರಡುವುದನ್ನು ನೋಡಿ: ಒಳಗೊಮ್ಮೆ "ಬರ್ತೇವೆ" ಎನ್ನುತ್ತಾರೆ, ಜಗುಲಿಯಲ್ಲಿ ಇನ್ನೊಮ್ಮೆ, ಅಂಗಳದಾಚೆಯ ಉಣುಗೋಲು (ಅಡ್ಡಗೋಲಿನ ಗೇಟು) ದಾಟುವಾಗ ಮತ್ತೊಮ್ಮೆ. ಮಾತನ್ನೂ ಹಾಗೆಯೇ ಹಂತ ಹಂತವಾಗಿ ಬಿಡಿಸಿಕೊಳ್ಳಬೇಕು. ಮೊದಲು ವಿಷಯವನ್ನು ಹೆಸರು ಹಿಡಿದು ಹೇಳುವುದು, ಆಮೇಲೆ ಕಾರಣ, ಕೊನೆಗೆ ಮುಂದಿನ ಹೊತ್ತು: "ಆ ಕೇರೆ ಹಾವಿನ ಕಥೆ ಪೂರ್ತಿ ಕೇಳ್ಬೇಕು ಮಾವ. ಈಗ ಹನ್ನೊಂದಕ್ಕೆ ಮೀಟಿಂಗು. ಸಂಜೆ ಕಾಫಿಗೆ ಹೇಳಿ." ಸಂಜೆ ನೀವಾಗಿಯೇ "ಆ ಹಾವು ಏನಾಯ್ತು?" ಎಂದು ಕೇಳಲೇಬೇಕು. ಎರಡು ಸಲ ಮರೆತರೆ ಮೂರನೇ ದಿನ ಅವರು ಬಾಗಿಲಿಂದ ಕದಲುವುದಿಲ್ಲ, ಅದರಲ್ಲಿ ಅವರ ತಪ್ಪೂ ಇಲ್ಲ.

ಮಾವನಿಗೆ: ಎರಡು ಮೂರು ಮಾತಾದ ಮೇಲೆ, ಸೊಸೆ ಮಾತ್ರ ಉತ್ತರ ಕೊಡಬಲ್ಲ ಒಂದು ಪ್ರಶ್ನೆ ಕೇಳಿ ಬಾಯಿ ಮುಚ್ಚಿ, ಮನಸ್ಸಿನಲ್ಲಿ ಐದರವರೆಗೆ ಎಣಿಸುವುದು. ಸೊಸೆಯ ಕಿವಿಗೆ ಹೆಡ್‌ಫೋನ್ ಇದ್ದರೆ ಬಾಗಿಲ ಬಳಿ ನಿಲ್ಲದೆ, ಹೇಳಬೇಕಾದ್ದನ್ನು ಗೋಡೆ ಕ್ಯಾಲೆಂಡರಿನ ಅಂಚಿನಲ್ಲಿ ಒಂದೇ ಪದ ಬರೆದಿಡುವುದು. "ಮರೆತು ಹೋಗ್ತದೆ ಅಂತಲೇ ತಕ್ಷಣ ಹೇಳೋದು" ಎಂದು ಅವರೇ ಒಪ್ಪಿಕೊಂಡಿದ್ದರಿಂದ ಈ ಉಪಾಯ ಅವರಿಗೆ ಹಿಡಿಸಿತು.

ಮಗನಿಗೆ: ಎಂಟಕ್ಕೆ ಬಂದ ಮೇಲೆ ಇಪ್ಪತ್ತು ನಿಮಿಷ ಜಗುಲಿಯಲ್ಲಿ, ಫೋನು ಒಳಗೆ. ಬರೀ ಎದುರು ಕೂರಬೇಡಿ, ಕೈಗೊಂದು ಕೆಲಸವಿರಲಿ. ಅಡಿಕೆಯನ್ನೆಲ್ಲ ಯಂತ್ರಕ್ಕೆ ಕೊಡದೆ ಒಂದು ಬುಟ್ಟಿಯಷ್ಟು ಕೈಸುಲಿತಕ್ಕೆ ಉಳಿಸಿ. ವಾರಕ್ಕೊಮ್ಮೆ ಅಪ್ಪನನ್ನು ಹಳೆಯ ಜೊತೆಗಾರರ ಮನೆಗೆ ಬಿಟ್ಟು ಬನ್ನಿ, ಮಾಮ್‌ಕೋಸ್‌ಗೆ ಹೋಗುವ ದಿನ ಕರೆದುಕೊಂಡು ಹೋಗಿ.

ಮೊದಲ ವಾರ ಕೆಟ್ಟಿತು. ಸೊಸೆ ಕಾಫಿ ಕೊಟ್ಟು "ಇವತ್ತೇನು ವಿಶೇಷ ಮಾವ?" ಎಂದು ಕೇಳುತ್ತಿದ್ದರು, ಮಾವ "ಎಂತ ಇಲ್ಲ" ಎಂದು ಸುಮ್ಮನಾಗುತ್ತಿದ್ದರು. ಹಿಡಿಕೆಯಿಲ್ಲದ ಪ್ರಶ್ನೆಗೆ ಹಿಡಿಕೆಯಿಲ್ಲದ ಉತ್ತರವೇ ಬರುತ್ತದೆ. ಕಣ್ಣೆದುರಿನ ಒಂದು ವಸ್ತುವಿನಿಂದ ಶುರುಮಾಡಲು ಹೇಳಿದೆವು. ಅಪ್ಪೆಮಿಡಿ ಉಪ್ಪಿನಕಾಯಿ ಬಡಿಸುತ್ತಾ "ಇದು ಯಾವ ಮರದ ಮಿಡಿ ಮಾವ?" ಎಂದು ಕೇಳಿದ ದಿನ ಹೊಳೆದಂಡೆಯ ಮರ, ಮಿಡಿ ಕೊಯ್ಯುವಾಗ ತೊಟ್ಟು ಉಳಿಸುವ ಬಗೆ, ಸೊನೆ ತಾಗಿ ಸುಟ್ಟ ಕೈ ಎಲ್ಲ ಬಂದವು. ಸೊಸೆಯೂ ತನ್ನಜ್ಜಿಯ ಭರಣಿಯ ಕಥೆ ಹೇಳಿದರು. ಮದುವೆಯಾದ ಮೇಲೆ ಮಾವನಿಗೆ ತವರಿನ ವಿಷಯ ಅಷ್ಟು ಹೇಳಿದ್ದು ಅದೇ ಮೊದಲು ಎಂದರು.

ಎರಡು ತಿಂಗಳಾದ ಮೇಲೆ ಮೀಟಿಂಗಿನ ನಡುವೆ ಬರುವುದು ತೀರಾ ಅಪರೂಪವಾಗಿದೆ, ಊಟ ಬಿಡುವುದು ನಿಂತಿದೆ. ಕ್ಯಾಲೆಂಡರಿನ ಅಂಚು ತುಂಬಿದೆ. ಮಗನ ಇಪ್ಪತ್ತು ನಿಮಿಷ ಮಾತ್ರ ವಾರದಲ್ಲಿ ಎರಡು ದಿನಕ್ಕಿಂತ ಹೆಚ್ಚು ನಡೆದಿಲ್ಲ. ಮುಂದಿನ ಭೇಟಿಗೆ ಅವರನ್ನು ಬೇರೆಯಾಗಿ ಕರೆದಿದ್ದೇವೆ, ಏಕೆಂದರೆ ತಾಯಿ ಹೋದ ದುಃಖವನ್ನು ಅವರು ಇನ್ನೂ ಯಾರ ಬಳಿಯೂ ಬಿಚ್ಚಿಲ್ಲ. ಶ್ರವಣಸಾಧನ ಬೇಡವೆಂದು ಮಾವ ಹಟ ಹಿಡಿದಿದ್ದಾರೆ. ಒತ್ತಾಯ ಮಾಡದೆ ಆರು ತಿಂಗಳಿಗೆ ಮತ್ತೆ ಕಿವಿ ಪರೀಕ್ಷೆ ಮಾಡಿಸಲು ತಿಳಿಸಿದೆವು. ಮೇಲೆ ಹೇಳಿದ ಮರೆವಿನ ಅಥವಾ ನಿದ್ದೆಯ ಲಕ್ಷಣ ಕಂಡರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು. ಮಾತು ಇದ್ದಕ್ಕಿದ್ದಂತೆ ತೊದಲಿದರೆ, ಬಾಯಿ ಒಂದು ಪಕ್ಕಕ್ಕೆ ವಾಲಿದರೆ ಯಾರನ್ನೂ ಕೇಳುತ್ತ ಕೂರದೆ ಕೂಡಲೇ ಆಂಬುಲೆನ್ಸ್‌ಗೆ 108ಕ್ಕೆ ಕರೆ ಮಾಡಿ ಎಂದು ಬರೆದುಕೊಟ್ಟೆವು.